ನಡುವಿನ ಕತ್ತಿ: ಆತ್ಮರಕ್ಷಣೆಗಾಗಿ ಆಯುಧಧಾರಣೆಯ ವಿಚಾರ

ಕನ್ನಡದ ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ಓದುವವರಿಗೆ ಕೈದುಗಳ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಬಾಳ್, ಅಲಗು, ಖಡ್ಗ, ಸುರಗಿ, ಕಠಾರಿ, ಚೂರಿ, ಬಾಕು, ಕಿರುಗತ್ತಿ ಎಂದು ಪಟ್ಟಿಯು ಬೆಳೆಯುತ್ತ ಹೋಗುತ್ತದೆ. ನಿಘಂಟುಗಳು ಇವುಗಳಲ್ಲಿ ಹಲವಕ್ಕೆ 'ಒಂದು ಬಗೆಯ ಕತ್ತಿ' ಎಂದು ಅರ್ಥ ಬರೆದು ಸುಮ್ಮನಾಗುವುದರಿಂದ, ತರಗತಿಯಲ್ಲಿ ಪಾಠ ಹೇಳುವವರೂ ಅಷ್ಟಕ್ಕೇ ತೃಪ್ತರಾಗಬೇಕಾಗಿ ಬರುತ್ತದೆ. ಆದರೆ ಈ ಕೈದುಗಳಲ್ಲಿ ಎರಡು ಕುಲಗಳುಂಟೆಂಬುದನ್ನು ಗಮನಿಸಬೇಕು. ದಂಡು ಹೊರಟಾಗ ಮಾತ್ರ ಕೈಗೆ ಬಂದು, ದಂಡು ಮರಳಿದ ಮೇಲೆ ಆಯುಧಶಾಲೆಯನ್ನು ಸೇರುವುದು ಒಂದು. ಯುದ್ಧವಿಲ್ಲದ ದಿನಗಳಲ್ಲಿಯೂ, ಸಂತೆಗೆ ಹೋಗುವಾಗಲೂ, ನೆಂಟರ ಮನೆಗೆ ನಡೆಯುವಾಗಲೂ ಮನುಷ್ಯನ ನಡುವನ್ನು ಬಿಡದಿರುವುದು ಇನ್ನೊಂದು. ಮೊದಲನೆಯದು ಅರಸನ ಕೆಲಸದ್ದು. ಎರಡನೆಯದು ಧರಿಸಿದವನ ಸ್ವಂತದ್ದು. ಈ ಎರಡನೆಯ ಕುಲದ ಕತ್ತಿಯನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಮುಖ್ಯವಾಗಿ ಎರಡು. ಸಾಮಾನ್ಯ ಗೃಹಸ್ಥನೊಬ್ಬನು ಮೈಗಾವಲಿಗೆಂದು ಕತ್ತಿಯನ್ನು ಸಿಕ್ಕಿಸಿಕೊಂಡು ನಡೆಯುವುದು ಯಾವ ಅಧಿಕಾರದಿಂದ? ಆ ಕತ್ತಿಯು ಅವನನ್ನು ನಿಜವಾಗಿ ಕಾಯುತ್ತದೆಯೆ?

ಮೊದಲು ಶಬ್ದಗಳ ವಿಚಾರ. 'ಸುರಗಿ' ಅಥವಾ 'ಸುರಿಗೆ' ಎಂಬುದು ಸಂಸ್ಕೃತದ 'ಕ್ಷುರಿಕಾ', 'ಛುರಿಕಾ' ಎಂಬ ರೂಪಗಳಿಂದ ಬಂದುದು. 'ಚೂರಿ'ಯೂ ಅದೇ ಮನೆಯ ಇನ್ನೊಂದು ಮಗು. 'ಕ್ಷುರ' ಎಂದರೆ ಕ್ಷೌರದ ಕತ್ತಿ. ಹಾಗಾದರೆ ಈ ಆಯುಧದ ಹೆಸರು ಹುಟ್ಟಿದ್ದು ರಣರಂಗದಲ್ಲಲ್ಲ, ನಾಪಿತನ ಹಡಪದಲ್ಲಿ ಎಂದಂತಾಯಿತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುರಗಿಯ ಚೌಡಯ್ಯನೆಂಬವನ ಹೆಸರಿಗೇ ಈ ಕೈದು ಅಂಟಿಕೊಂಡಿರುವುದನ್ನು ನೋಡಿದರೆ, ಅದು ಒಬ್ಬ ಮನುಷ್ಯನನ್ನು ಗುರುತಿಸುವಷ್ಟು ಅವನ ಮೈಗೆ ಹತ್ತಿರದ ವಸ್ತುವಾಗಿತ್ತೆಂದು ತಿಳಿಯುತ್ತದೆ. 'ಕತ್ತಿ' ಎಂಬ ದ್ರಾವಿಡ ಶಬ್ದದ ಗತಿಯಂತೂ ಇನ್ನೂ ಸ್ವಾರಸ್ಯವಾದುದು. ಬಯಲುಸೀಮೆಯವರಿಗೆ ಕತ್ತಿಯೆಂದೊಡನೆ ಕುದುರೆಯೇರಿದ ವೀರನ ಖಡ್ಗವು ನೆನಪಿಗೆ ಬರುತ್ತದೆ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಅದೇ ಮಾತು ಸೊಪ್ಪು ಸವರುವ, ತೆಂಗಿನಕಾಯಿ ಒಡೆಯುವ, ಬೇಲಿಯ ಮುಳ್ಳನ್ನು ಕಡಿಯುವ ಮನೆಯ ಹತ್ಯಾರು. ಅಲ್ಲಿಯ ಕೆಲಸಗಾರನು ಸೊಂಟಕ್ಕೆ ಕಟ್ಟಿದ ಕೊಕ್ಕೆಗೆ ಅದನ್ನು ತೂಗುಹಾಕಿಕೊಂಡು ಊರೆಲ್ಲ ತಿರುಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಕೆಲಸದ ಕತ್ತಿಗೂ ಕಾಳಗದ ಕತ್ತಿಗೂ ನಡುವಿನ ಗೆರೆಯು ಉಕ್ಕಿನಲ್ಲಿ ಬರೆದುದಲ್ಲ, ನೋಡುವವರ ಕಣ್ಣಿನಲ್ಲಿ ಇರುವುದು ಎಂಬುದಕ್ಕೆ ಇದೊಂದು ಸಾಕ್ಷ್ಯ.

ವಿಜಯನಗರದ ಕಾಲಕ್ಕೆ ಬರುವಾಗ ಕಿರುಗತ್ತಿಯು ಬಿರುದಿನ ಮಟ್ಟಕ್ಕೇರಿತ್ತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಸಿಂಹಾಸನವನ್ನೇರಿದ ಸಾಳುವ ನರಸಿಂಹನ ವಂಶದವರು 'ಕಠಾರಿಸಾಳುವ'ರೆಂದು ಹೇಳಿಕೊಂಡರು. ರಾಜ್ಯದ ಲಾಂಛನದಲ್ಲಿ ವರಾಹದೊಡನೆ ಕಿರುಗತ್ತಿಯೂ ಕಾಣಿಸಿಕೊಂಡಿತು. ಆದರೆ ಅದೇ ರಾಜಧಾನಿಯಲ್ಲಿ ಅದೇ ಬಗೆಯ ಆಯುಧವು ಮಾಡಿದ ಇನ್ನೊಂದು ಕೆಲಸವನ್ನು ಪಾರಸಿಕ ದೊರೆ ಶಾರುಖನ ದೂತನಾಗಿ ೧೪೪೩ರಲ್ಲಿ ಬಂದಿದ್ದ ಅಬ್ದುರ್ ರಜಾಕನು ಬರೆದಿಟ್ಟಿದ್ದಾನೆ. ಇಮ್ಮಡಿ ದೇವರಾಯನ ತಮ್ಮನು ಹೊಸ ಮನೆಯನ್ನು ಕಟ್ಟಿಸಿ, ಅದರ ಸಂಭ್ರಮಕ್ಕೆಂದು ರಾಜ್ಯದ ಮುಖ್ಯರನ್ನು ಕರೆದು, ವಾದ್ಯಗಳ ಅಬ್ಬರದ ನಡುವೆ ಒಬ್ಬೊಬ್ಬರನ್ನಾಗಿ ಒಳಕ್ಕೆ ಕರೆದೊಯ್ದು ಕೊಲ್ಲಿಸಿದನು. ಅನಂತರ ಅರಮನೆಗೆ ಹೋಗಿ ಅಣ್ಣನನ್ನೂ ಕಿರುಗತ್ತಿಯಿಂದ ಇರಿದನು. ಅರಸನು ಗಾಯಗೊಂಡು ಬಿದ್ದರೂ ಬದುಕಿಕೊಂಡನು. ಇದನ್ನೇ ಹೋಲುವ ಕಥೆಯೊಂದನ್ನು ಸುಮಾರು ೧೫೩೫ರಲ್ಲಿ ಬರೆದ ಪೋರ್ಚುಗೀಸ ವರ್ತಕ ನೂನಿಜನೂ ಹೇಳುತ್ತಾನೆ. ಅಲ್ಲಿ ಇರಿಯುವವನು ತಮ್ಮನಲ್ಲ, ಸೋದರಸಂಬಂಧದ ಕಿರಿಯ. ನೆಂಟಸ್ತಿಕೆಯ ವಿವರವು ಬದಲಾದರೂ ಬಟ್ಟೆಯ ಮರೆಯಲ್ಲಿ ಒಳಬಂದ ಕತ್ತಿಯು ಬದಲಾಗಲಿಲ್ಲ.

ಅದೇ ನೂನಿಜನ ಬರಹದಲ್ಲಿರುವ ಇನ್ನೊಂದು ಸಂಗತಿಯು ಪ್ರಕೃತ ವಿಚಾರಕ್ಕೆ ಹೆಚ್ಚು ಬೆಲೆಯುಳ್ಳದ್ದು. ವಿಜಯನಗರದಲ್ಲಿ ದ್ವಂದ್ವಯುದ್ಧ ಮಾಡಿದವರಿಗೆ ದೊಡ್ಡ ಗೌರವವಿತ್ತು. ಸತ್ತವನ ಆಸ್ತಿಯು ಗೆದ್ದವನಿಗೆ ಸಲ್ಲುತ್ತಿತ್ತು. ಆದರೆ ಮಂತ್ರಿಯ ಅನುಮತಿಯನ್ನು ಪಡೆಯದೆ ಯಾರೂ ಕಾದುವಂತಿರಲಿಲ್ಲ ಎಂದು ಅವನು ಹೇಳುತ್ತಾನೆ. ಕೇಳಿದೊಡನೆ ಅನುಮತಿಯು ದೊರೆಯುತ್ತಿತ್ತಂತೆ. ದೊರೆಯುವುದೇ ನಿಶ್ಚಯವಾಗಿದ್ದರೆ ಕೇಳುವುದೇಕೆ ಎಂದು ಇಂದಿನವರಿಗೆ ತೋರಬಹುದು. ಕೇಳಬೇಕೆಂಬ ಕಟ್ಟಳೆಯಲ್ಲಿಯೇ ಅದರ ತಿರುಳಿದೆ. ಕತ್ತಿಯು ನಡುವಿನಲ್ಲಿರಬಹುದು; ಅದನ್ನು ಒರೆಯಿಂದ ಹೊರಕ್ಕೆ ಎಳೆಯುವ ಗಳಿಗೆಯನ್ನು ನಿರ್ಣಯಿಸುವವನು ಮಾತ್ರ ಅದರ ಒಡೆಯನಲ್ಲ. ಧರಿಸುವ ಅಧಿಕಾರ ಬೇರೆ, ಹಿರಿಯುವ ಅಧಿಕಾರ ಬೇರೆ ಎಂಬ ಈ ಭೇದವು ಮುಂದಿನ ಎಲ್ಲ ಶಾಸನಗಳಲ್ಲಿಯೂ ಬೇರೆ ಬೇರೆ ವೇಷದಲ್ಲಿ ಕಾಣಬರುತ್ತದೆ.

ಆತ್ಮರಕ್ಷಣೆಯ ಕಿರುಗತ್ತಿಗೆ ಎಲ್ಲರೂ ಕೊಡುವ ನಿದರ್ಶನವೆಂದರೆ ೧೬೫೯ರಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿಗೂ ಬಿಜಾಪುರದ ಸರದಾರ ಅಫ್ಜಲಖಾನನಿಗೂ ನಡೆದ ಭೇಟಿ. ಮೊದಲ ಏಟು ಯಾರದೆಂಬ ವಿವಾದವನ್ನು ಇಲ್ಲಿ ಎತ್ತಬೇಕಾಗಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ರಚಿತವಾದ ಸಭಾಸದನ ಬಖರು ಹೇಳುವಂತೆ, ಖಾನನು ಅಪ್ಪುಗೆಯಲ್ಲಿ ಹಿಡಿದು ಕಿರುಗತ್ತಿಯಿಂದ ಇರಿದಾಗ ಆ ಏಟು ಶಿವಾಜಿಯು ಅಂಗಿಯೊಳಗೆ ತೊಟ್ಟಿದ್ದ ಕವಚದ ಮೇಲೆ ಜಾರಿತು. ಆಮೇಲೆ ವ್ಯಾಘ್ರನಖವೂ ಬಿಚುವೆಯೂ ತಮ್ಮ ಕೆಲಸವನ್ನು ಮಾಡಿದುವು. ಜನರ ನೆನಪಿನಲ್ಲಿ ಉಳಿದದ್ದು ವ್ಯಾಘ್ರನಖ. ಆದರೆ ಈ ವೃತ್ತಾಂತವನ್ನು ನಂಬುವುದಾದರೆ ಅಂದು ಪ್ರಾಣವನ್ನು ಕಾಯ್ದದ್ದು ಕವಚ. ಕತ್ತಿಯು ತಡೆಯುವ ವಸ್ತುವಲ್ಲ. ಅದು ತಿರುಗಿ ಹೊಡೆಯುವ ವಸ್ತು. ಗುರಾಣಿಗೆ ಇರುವ ಗುಣವು ಅದಕ್ಕಿಲ್ಲ. ಮೈಗಾವಲಿನ ಕತ್ತಿಯೆಂಬ ಮಾತನ್ನು ಆಡುವಾಗ ಈ ಸಾಮಾನ್ಯ ಸತ್ಯವನ್ನು ಮರೆಯುವುದು ಬಹಳ ಸುಲಭ.

ಈ ಪ್ರಶ್ನೆಗಳಿಗೆ ಕನ್ನಡ ನಾಡಿನಲ್ಲಿಯೇ ಅತ್ಯಂತ ವಿಶದವಾದ ಉತ್ತರವನ್ನು ಕೊಡಬಲ್ಲ ಸೀಮೆ ಕೊಡಗು. ಅಲ್ಲಿಯ ಕೊಡವರ ಉಡುಪಿನಲ್ಲಿ ಎರಡು ಕತ್ತಿಗಳಿಗೆ ಸ್ಥಾನವುಂಟು. ಮೊಣಕಾಲಿನ ಕೆಳಗೆ ಇಳಿಯುವ 'ಕುಪ್ಯ'ವೆಂಬ ಅಂಗಿಯನ್ನು ತೊಟ್ಟು, ಅದರ ಮೇಲೆ ಕೆಂಪು ರೇಶ್ಮೆಯ 'ಚೇಲೆ'ಯನ್ನು ನಡುವಿಗೆ ಬಿಗಿದು, ಮುಂಭಾಗದಲ್ಲಿ ಆ ಚೇಲೆಯೊಳಕ್ಕೆ ಸಿಕ್ಕಿಸಿಕೊಳ್ಳುವುದು 'ಪೀಚೆಕತ್ತಿ'. ಹಿಂಭಾಗದಲ್ಲಿ 'ತೋಡಂಗ್' ಎಂಬ ಲೋಹದ ಹಿಡಿಕೊಕ್ಕೆಗೆ ಸೇರಿಸಿ ಬೆನ್ನಿನ ಮೇಲೆ ಧರಿಸುವುದು 'ಒಡಿಕತ್ತಿ'. ಇವೆರಡರ ಸ್ವಭಾವಗಳು ಎಷ್ಟು ಬೇರೆಯೆಂಬುದನ್ನು ತಿಳಿದಲ್ಲದೆ ಮುಂದಿನ ಚರ್ಚೆಯು ಸಾಗದು.

ಪೀಚೆಕತ್ತಿಯು ಗೇಣಿನ ಅಳತೆಯೊಳಗಿನ ಅಲಗುಳ್ಳ ಕಿರಿಯ ಆಯುಧ. ಅದರ ಹಿಡಿಯಲ್ಲಿ ದಂತವೋ ಕರಿಮರವೋ ಇದ್ದು, ಬೆಳ್ಳಿಯ ಕಟ್ಟುಗಳೂ ಸಿರಿವಂತರಲ್ಲಿ ಚಿನ್ನದ ಕುಸುರಿಯೂ ಇರುತ್ತವೆ. ಒರೆಯು ಮರದ್ದು, ಅದರ ಮೇಲೂ ಬೆಳ್ಳಿಯ ಹೊದಿಕೆ. ಹಿಡಿಗೆ ಕಟ್ಟಿದ ಬೆಳ್ಳಿಯ ಸರಪಣಿಯ ತುದಿಯಲ್ಲಿ ಮುಳ್ಳು ಕೀಳುವ ಚಿಮಟ, ಕಿವಿ ಚೊಕ್ಕಟಮಾಡುವ ಕಡ್ಡಿ ಮೊದಲಾದ ಪುಟ್ಟ ಸಾಮಾನುಗಳು ತೂಗುವುದುಂಟು. ಶತ್ರುವನ್ನು ಇರಿಯುವ ಅಲಗಿಗೂ ಕಾಲಿನ ಮುಳ್ಳನ್ನು ತೆಗೆಯುವ ಚಿಮಟಕ್ಕೂ ಒಂದೇ ಸರಪಣಿ! ಕಾಡುದಾರಿಯಲ್ಲಿ ನಡೆಯುವವನಿಗೆ ಶತ್ರುವಿಗಿಂತ ಮುಳ್ಳೇ ಹೆಚ್ಚು ಬಾರಿ ಎದುರಾಗುತ್ತದೆಂಬುದನ್ನು ಈ ಆಯುಧವನ್ನು ಮಾಡಿದ ಅಕ್ಕಸಾಲಿಗನು ಚೆನ್ನಾಗಿ ಬಲ್ಲವನಾಗಿದ್ದನು.

ಒಡಿಕತ್ತಿಯಾದರೋ ಅಗಲವಾದ, ತೂಕವಾದ, ಮುಂದಕ್ಕೆ ಬಾಗಿದ ಅಲಗುಳ್ಳದ್ದು. ಅದಕ್ಕೆ ಒರೆಯಿಲ್ಲ. ತೋಡಂಗಿನಲ್ಲಿ ನಿಂತ ಅಲಗು ಬರಿದಾಗಿಯೇ ಬೆನ್ನಿನ ಮೇಲೆ ಮಿನುಗುತ್ತದೆ. ಇರಿಯುವುದು ಅದರ ಕೆಲಸವಲ್ಲ. ತೂಕದ ಬಲದಿಂದ ಕಡಿಯುವುದು. ಹೆಸರಿನಲ್ಲಿರುವ 'ಒಡಿ'ಯನ್ನು ತಮಿಳಿನ 'ಒಡಿ', ಕನ್ನಡದ 'ಉಡಿ', 'ಒಡೆ' ಎಂಬ ಮುರಿಯುವ ಅರ್ಥದ ಧಾತುಗಳೊಡನೆ ಹೋಲಿಸಿದರೆ ಆಯುಧದ ಗುಣಕ್ಕೂ ಹೆಸರಿಗೂ ಹೊಂದಿಕೆಯಾಗುತ್ತದೆ. ಕರಾವಳಿಯ ಕೆಲಸಗಾರನ ಕೊಕ್ಕೆಗತ್ತಿಯನ್ನೂ ಕೊಡವನ ತೋಡಂಗನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ, ಎರಡೂ ಒಂದೇ ವ್ಯವಸ್ಥೆಯ ಎರಡು ರೂಪಗಳೆಂದು ಹೇಳಬೇಕಾದ ಅಗತ್ಯವಿಲ್ಲ: ದಟ್ಟವಾದ ಪೊದೆಗಳ ನಡುವೆ ನಡೆಯುವವನಿಗೆ ಎರಡು ಕೈಗಳೂ ಬಿಡುವಾಗಿರಬೇಕು, ಕತ್ತಿಯು ಕಾಲಿಗೆ ತಗುಲಬಾರದು, ಬೇಕೆಂದಾಗ ಕೈಗೆ ಸಿಗಬೇಕು.

ಇಂಥ ಆಯುಧವನ್ನು ದಿನದಿನವೂ ಧರಿಸಬೇಕಾದ ಕಾರಣವು ಕೊಡಗಿನ ನೆಲದಲ್ಲಿಯೇ ಇತ್ತು. ಅಲ್ಲಿ ಮನೆಗಳು ಕೇರಿಗಟ್ಟಿ ಕುಳಿತವಲ್ಲ. ಒಂದೊಂದು ಒಕ್ಕದ ಐನ್‌ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ, ಇತರ ಮನೆಗಳಿಂದ ದೂರವಾಗಿ ನಿಂತಿರುತ್ತದೆ. ಸೀಮೆಯುದ್ದಕ್ಕೂ ಬೆಟ್ಟದ ಮೇಲೆ ಹಾಯ್ದಿರುವ 'ಕಡಂಗ'ಗಳೆಂಬ ಹಳೆಯ ಕಾಳಗದ ಅಗಳುಗಳು ನೆರೆಹೊರೆಯ ನಾಡುಗಳ ಸಂಬಂಧವು ಯಾವಾಗಲೂ ಮಧುರವಾಗಿರಲಿಲ್ಲವೆಂಬುದನ್ನು ಇಂದಿಗೂ ಹೇಳುತ್ತವೆ. ಹುಲಿಯ ಭಯವು ಬೇರೆ. ಹುಲಿಯನ್ನು ಕೊಂದವನಿಗೆ ಮದುವೆಯ ಮರ್ಯಾದೆಗಳನ್ನು ಸಲ್ಲಿಸುವ 'ನರಿಮಂಗಲ'ವೆಂಬ ಆಚಾರವು ಆ ಭಯದ ಅಳತೆಯನ್ನು ತೋರಿಸುತ್ತದೆ. ಕರೆದರೆ ಕೇಳುವಷ್ಟು ಹತ್ತಿರದಲ್ಲಿ ಯಾರೂ ಇಲ್ಲದ ಮನೆಯಲ್ಲಿ ಇರುವವನಿಗೆ ಕತ್ತಿಯು ಐಶ್ವರ್ಯವಲ್ಲ, ಅವಶ್ಯಕತೆ.

ಅವಶ್ಯಕತೆಯಾಗಿದ್ದುದನ್ನು ಕೊಡವರು ಹೇಗೆ ಕಟ್ಟಳೆಗೆ ತಂದರೆಂಬುದೇ ಇಲ್ಲಿ ಹೆಚ್ಚಿನ ವಿಚಾರ. ಕತ್ತಿಯೂ ಕೋವಿಯೂ ವ್ಯಕ್ತಿಯ ಸೊತ್ತಾಗುವುದಕ್ಕಿಂತ ಮೊದಲು ಮನೆಯ ಸೊತ್ತು. ನಾಟಿಯ ಕೆಲಸವು ಮುಗಿಯುವವರೆಗೆ, ಮಳೆ ಹುಯ್ಯುವ ಕಕ್ಕಡ ತಿಂಗಳಲ್ಲಿ, ಆಯುಧಗಳು ಒಳಗೆ ವಿಶ್ರಾಂತಿ ಪಡೆಯುತ್ತವೆ. ಸಾಮಾನ್ಯವಾಗಿ ಸಪ್ಟೆಂಬರ್ ೩ರಂದು ಬರುವ 'ಕೈಲ್‌ಪೊಳ್ದ್' ಹಬ್ಬದಲ್ಲಿ ಅವುಗಳನ್ನು ಹೊರತೆಗೆದು, ತೊಳೆದು, ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸಿದ ಮೇಲೆಯೇ ಅವು ಮರಳಿ ಗಂಡಸರ ಕೈಗೆ ಬರುತ್ತವೆ. ಆ ಹೂವಿಗೆ ಕೊಡವರು 'ತೋಕ್‌ಪೂ', ಎಂದರೆ ಕೋವಿಹೂವು, ಎಂದೇ ಹೆಸರಿಟ್ಟಿದ್ದಾರೆ. ನಡುವಿನ ಕತ್ತಿಯು ವರ್ಷಕ್ಕೊಮ್ಮೆ ನೆಲ್ಲಕ್ಕಿಯ ದೀಪದೆದುರು ಬಂದು ಹಿರಿಯರ ಕಣ್ಣೆದುರಿನಲ್ಲಿ ಮತ್ತೆ ಪಡೆಯಬೇಕಾದ ವಸ್ತುವೆಂಬ ಭಾವನೆಯು ಈ ಆಚಾರದಲ್ಲಿ ಅಡಗಿದೆ. ವಿಜಯನಗರದ ಮಂತ್ರಿಯು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಕ್ಕವು ಮಾಡುತ್ತದೆ.

ಮದುವೆಯಲ್ಲಿ ಈ ಕತ್ತಿಗಳಿಗೆ ದೊರೆಯುವ ಸ್ಥಾನವು ಸರ್ವವಿದಿತವಾಗಿದೆ. ಮದುಮಗನು ಬಿಳಿಯ ಕುಪ್ಯದ ಮೇಲೆ ಚೇಲೆಯನ್ನು ಬಿಗಿದು ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾನೆ. ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿದುರುಳಿಸುವುದು ವೀರಕ್ಕೆ ಸಲ್ಲುವ ಮರ್ಯಾದೆ. ಕೊಡವರ ಹಾಡುಗಳನ್ನೂ ಆಚಾರಗಳನ್ನೂ ಸಂಗ್ರಹಿಸಿ ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯನ್ನೂ, ಕೊಡವರ ಧರ್ಮವನ್ನೂ ಸಮಾಜವನ್ನೂ ಕುರಿತು ಎಂ. ಎನ್. ಶ್ರೀನಿವಾಸರು ೧೯೫೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನೂ ನೋಡಿದವರಿಗೆ ಈ ಆಚಾರಗಳ ಹಿನ್ನೆಲೆಯು ವಿಶದವಾಗುವುದು. ಇಲ್ಲಿ ಗಮನಿಸಬೇಕಾದ ಅಂಶವು ಇಷ್ಟು: ಎರಡು ಕತ್ತಿಗಳೂ ಕಾಣುವಂತೆ ಧರಿಸತಕ್ಕವು. ಮುಂದಿನದು ಎದುರಿನಲ್ಲಿರುವವನಿಗೆ ಕಾಣುತ್ತದೆ. ಹಿಂದಿನದು ಬೆನ್ನ ಹಿಂದೆ ಬರುವವನಿಗೆ ಕಾಣುತ್ತದೆ. ಒಡಿಕತ್ತಿಯನ್ನು ಹಿರಿಯಬೇಕಾದರೆ ಕೈ ಹಿಂದಕ್ಕೆ ಹೋಗಲೇಬೇಕು, ಆ ಚಲನೆಯು ಎದುರಾಳಿಗೆ ತಿಳಿಯದೆ ಇರದು. ದೇವರಾಯನ ಅರಮನೆಯೊಳಕ್ಕೆ ಬಂದ ಕತ್ತಿಗೂ ಇದಕ್ಕೂ ಇರುವ ಅಂತರವು ಅಲಗಿನ ಉದ್ದಗಲಗಳಲ್ಲಿಲ್ಲ. ಒಂದು ತಾನಿರುವುದನ್ನು ಸಾರುತ್ತದೆ, ಇನ್ನೊಂದು ಮುಚ್ಚಿಡುತ್ತದೆ. ಸಾರುವ ಕತ್ತಿಯು ಹಲವು ವೇಳೆ ಒರೆಯಲ್ಲಿದ್ದುಕೊಂಡೇ ಕಾಯುತ್ತದೆ, ಮುಚ್ಚಿಟ್ಟದ್ದು ಹೊರಬಂದಲ್ಲದೆ ಯಾವ ಕೆಲಸವನ್ನೂ ಮಾಡಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕತ್ತಿಗೆ ರಾಜಕೀಯದ ಭಾರವೂ ಬಂದಿತು. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ೧೮೩೪ರಲ್ಲಿ ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ೧೮೩೭ರಲ್ಲಿ ಅಮರಸುಳ್ಯದ ಕಡೆಯಿಂದ ಎದ್ದ ದಂಗೆಯನ್ನು ಅಡಗಿಸುವುದರಲ್ಲಿ ನೆರವಾದ ಕೊಡಗರಿಗೆ ಕಂಪೆನಿ ಸರಕಾರವು ಪದಕಗಳನ್ನು ಹಂಚಿತು. ಆ ಪದಕದ ಒಂದು ಮುಖದಲ್ಲಿ ಎಡಗೈಯಲ್ಲಿ ಕೋವಿಯನ್ನೂ ಎತ್ತಿದ ಬಲಗೈಯಲ್ಲಿ ಕತ್ತಿಯನ್ನೂ ಹಿಡಿದ ಕೊಡಗ ವೀರನ ಚಿತ್ರವುಂಟು, ಕನ್ನಡ ಅಕ್ಷರಗಳ ಬರಹವೂ ಉಂಟು. ಅಂದು ಯಾರ ಮೇಲೆ ಆ ಕತ್ತಿಯು ಎತ್ತಲ್ಪಟ್ಟಿತೋ ಅವರಲ್ಲಿ ಹಲವರನ್ನು ಇಂದು ನಾಡು ಸ್ವಾತಂತ್ರ್ಯಕ್ಕಾಗಿ ಮಡಿದವರೆಂದು ಸ್ಮರಿಸುತ್ತದೆ. ಇತಿಹಾಸವನ್ನು ಬರೆಯುವವರು ಈ ತೊಡಕನ್ನು ಮುಚ್ಚಿಡುವುದು ಯೋಗ್ಯವಲ್ಲ.

ಘಟ್ಟವನ್ನು ಇಳಿದು ಪಡುವಲಿಗೆ ಹೋದರೆ ಮಲಬಾರು. ಅಲ್ಲಿಯೂ ಸೊಂಟದ ಕತ್ತಿಯು ಹಳೆಯ ಪದ್ಧತಿ. ಅದನ್ನು 'ಆಯುಧಕತ್ತಿ' ಎಂದು ಕರೆಯುತ್ತಿದ್ದರು. ಕೊಡಗಿನ ಒಡಿಕತ್ತಿಯೂ ಅದೂ ಒಂದೇ ಎನ್ನಲಾಗದಿದ್ದರೂ ಒಂದೇ ವಂಶದವು. ವಿದೇಶದ ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಕೊಡಗಿನ ಕತ್ತಿಗೂ 'ಆಯುಧಕತ್ತಿ' ಎಂಬ ಹೆಸರೇ ಬಿದ್ದಿರುವುದುಂಟು. ಆದರೆ ಮಲಬಾರಿನಲ್ಲಿ ೧೮೩೬ರಿಂದ ಮೊದಲ್ಗೊಂಡು ಮಾಪಿಳ್ಳೆಯರ ದಂಗೆಗಳು ಮೇಲಿಂದ ಮೇಲೆ ನಡೆದುವು. ಅವುಗಳ ಬೇರು ಜಮೀನಿನ ಕಷ್ಟಗಳಲ್ಲಿ ಎಷ್ಟಿತ್ತು, ಮತಾವೇಶದಲ್ಲಿ ಎಷ್ಟಿತ್ತು ಎಂಬುದನ್ನು ಕುರಿತು ಅಂದಿನ ಅಧಿಕಾರಿಗಳಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಸರಕಾರವು ಹುಡುಕಿದ ಪರಿಹಾರಗಳಲ್ಲಿ ಒಂದು ಕತ್ತಿಯನ್ನು ಕುರಿತದ್ದು: ೧೮೫೪ರ ೨೪ನೆಯ ಶಾಸನದಿಂದ ಆಯುಧಕತ್ತಿಯನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಜಿಲ್ಲೆಯ ಕಲೆಕ್ಟರನಾದ ಎಚ್. ವಿ. ಕನೋಲಿಯು ಕತ್ತಿಗಳನ್ನು ಒಪ್ಪಿಸಿಕೊಂಡನು. ಸಾವಿರಗಟ್ಟಲೆ ಕತ್ತಿಗಳು ಬಂದು ಬಿದ್ದುವು. ಮರುವರ್ಷ, ೧೮೫೫ರ ಸಪ್ಟೆಂಬರ್ ೧೧ರ ರಾತ್ರಿ, ಕಲ್ಲಿಕೋಟೆಯಲ್ಲಿ ತನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದ ಕನೋಲಿಯನ್ನು ಮಾಪಿಳ್ಳೆಯರು ಕಡಿದು ಕೊಂದರು.

ಅನಂತರ ಆರು ವರ್ಷಗಳೂ ತುಂಬುವುದರೊಳಗೆ ಘಟ್ಟದ ಮೇಲೆ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೮೫೭ರ ಸಂಗ್ರಾಮದ ಮೇಲೆ ದೇಶದ ಜನರನ್ನು ನಿರಾಯುಧರನ್ನಾಗಿ ಮಾಡುವ ಶಾಸನವು ಜಾರಿಗೆ ಬಂದಿದ್ದಿತು. ಮೈಸೂರು ಕೊಡಗುಗಳ ಕಮಿಷನರನಾದ ಮಾರ್ಕ್ ಕಬ್ಬನನು ೧೮೬೧ರ ಫೆಬ್ರವರಿ ೨೬ರಂದು ಹೊರಡಿಸಿದ ಪ್ರಕಟನೆಯಲ್ಲಿ, ಕೊಡಗರ ನಿಷ್ಠೆಯನ್ನೂ ಶೌರ್ಯವನ್ನೂ ಅವರು ಸಲ್ಲಿಸಿದ ಸೇವೆಯನ್ನೂ ಹೊಗಳಿ, ಆ ಶಾಸನವು ಕೊಡಗಿಗೆ ಅನ್ವಯಿಸುವುದಿಲ್ಲವೆಂದು ಸಾರಿದನು. ಒಂದೇ ಪರ್ವತಶ್ರೇಣಿಯ ಎರಡು ಮಗ್ಗುಲು, ಒಂದೇ ವಂಶದ ಅಲಗು, ಆಳುವವನೂ ಒಬ್ಬನೇ. ಪಡುವಣ ಮಗ್ಗುಲಲ್ಲಿ ಅದು ಸೆರೆಮನೆಗೆ ದಾರಿ. ಮೂಡಣ ಮಗ್ಗುಲಲ್ಲಿ ಅದು ಗೌರವದ ಗುರುತು. ಮಲಬಾರಿನ ಒಂಟಿ ದಾರಿಯಲ್ಲಿ ನಡೆಯುವ ರೈತನಿಗೆ ಅಪಾಯವು ಕೊಡಗಿನವನಿಗಿಂತ ಕಡಿಮೆಯಾಗಿತ್ತೆಂದು ಯಾರೂ ಹೇಳಲಿಲ್ಲ. ಯಾರಿಗೆ ಎಷ್ಟು ಭಯವಿದೆ ಎಂಬುದನ್ನು ಅಳೆದು ಕತ್ತಿಯನ್ನು ಕೊಟ್ಟದ್ದೂ ಅಲ್ಲ, ಕಿತ್ತುಕೊಂಡದ್ದೂ ಅಲ್ಲ. ಧರಿಸಿದವನ ಮೇಲೆ ಸರಕಾರಕ್ಕೆ ಎಷ್ಟು ಭಯವಿದೆ ಎಂಬುದೇ ಅಳತೆಗೋಲಾಗಿತ್ತು. ಆತ್ಮರಕ್ಷಣೆಯೆಂಬ ಮಾತು ಈ ಎರಡು ನಿರ್ಣಯಗಳಲ್ಲಿ ಯಾವುದಕ್ಕೂ ಆಧಾರವಾಗಲಿಲ್ಲ.

೧೮೭೮ರ ಆಯುಧ ಶಾಸನದ ಕೆಳಗೆ ರಚಿತವಾದ ನಿಯಮಗಳಲ್ಲಿ ಈ ವಿನಾಯಿತಿಯು ಮುಂದುವರಿದು, ಎರಡು ವರ್ಗದವರಿಗೆ ಸಲ್ಲುವಂತಾಯಿತು: ಜನ್ಮತಃ ಕೊಡವರಾದವರು ಒಂದು, ಕೊಡಗಿನಲ್ಲಿ ಜಮ್ಮಾ ಭೂಮಿಯನ್ನು ಹೊಂದಿದವರು ಇನ್ನೊಂದು. ಜಮ್ಮಾ ಎಂಬುದು ಅರಸರ ಕಾಲದಲ್ಲಿ ದಂಡಿನ ಊಳಿಗಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಿಟ್ಟ ಭೂಮಿ. ಅದರ ಕಂದಾಯವು ಸಾಧಾರಣ ಸಾಗುವಳಿ ಭೂಮಿಯದರ ಅರ್ಧ. ಎರಡನೆಯ ವರ್ಗದಲ್ಲಿ ಕೊಡವರಲ್ಲದವರೂ ಸೇರುತ್ತಾರೆ. ಹೀಗೆ ಆಯುಧದ ಅಧಿಕಾರವು ಒಂದು ಕಡೆ ಹುಟ್ಟಿಗೂ ಇನ್ನೊಂದು ಕಡೆ ಮಣ್ಣಿಗೂ ಗಂಟು ಬಿದ್ದಿತು. ಊಳಿಗವು ಹೋಯಿತು, ಅರಸನೂ ಹೋದನು. ಗಂಟು ಮಾತ್ರ ಉಳಿಯಿತು.

ಸ್ವತಂತ್ರ ಭಾರತದ ೧೯೫೯ರ ಆಯುಧ ಶಾಸನದಲ್ಲಿ ಕತ್ತಿಯ ವಿಚಾರವು ಬೇರೊಂದು ಹಾದಿಯನ್ನು ಹಿಡಿದಿದೆ. ಅದರ ನಿಯಮಗಳು ಖಡ್ಗ, ಕಠಾರಿ, ಭರ್ಜಿ, ಕೃಪಾಣ, ಕುಕ್ರಿ ಮೊದಲಾದುವನ್ನು ಹೆಸರಿಸಿ, ೯ ಅಂಗುಲಕ್ಕಿಂತ ಉದ್ದವಾದ ಅಥವಾ ೨ ಅಂಗುಲಕ್ಕಿಂತ ಅಗಲವಾದ ಅಲಗುಳ್ಳವನ್ನು ಆಯುಧಗಳ ಒಂದು ವರ್ಗವಾಗಿ ಗಣಿಸುತ್ತವೆ. ಮನೆಗೆಲಸಕ್ಕೂ ಬೇಸಾಯಕ್ಕೂ ಕೈಗಾರಿಕೆಗೂ ಮಾಡಿದವನ್ನು ಬಿಟ್ಟುಕೊ‌ಡುತ್ತವೆ. ಊರುಗೋಲನ್ನೂ ಲಾಠಿಯನ್ನೂ ಶಾಸನವು ಆಯುಧವೆಂದು ಎಣಿಸುವುದಿಲ್ಲ. ಕೋವಿಗೆ ಎಲ್ಲೆಡೆಯೂ ಪರವಾನಗಿ ಬೇಕು. ಕತ್ತಿಯನ್ನು ಇಟ್ಟುಕೊಳ್ಳುವುದಕ್ಕಾದರೋ ಕೇಂದ್ರ ಸರಕಾರವು ಪ್ರಕಟಿಸಿದ ಪ್ರದೇಶಗಳಲ್ಲಿ ಮಾತ್ರ. ಈ ಅಳತೆಗೋಲನ್ನು ಕೊಡವರ ನಡುವಿಗೆ ಹಿಡಿದರೆ ವಿನೋದವಾದ ಫಲವು ಬರುತ್ತದೆ. ಪೀಚೆಕತ್ತಿಯು ಸಾಮಾನ್ಯವಾಗಿ ೯ ಅಂಗುಲದೊಳಗೇ ನಿಲ್ಲುತ್ತದೆ. ಒಡಿಕತ್ತಿಯ ಅಗಲವು ೨ ಅಂಗುಲವನ್ನು ಸುಲಭವಾಗಿ ಮೀರುತ್ತದೆ. ಆದರೆ ಇರಿಯುವುದಕ್ಕೆಂದೇ ಹುಟ್ಟಿದ್ದು ಮೊದಲನೆಯದು, ಬೇಲಿ ಸವರುವ ಕತ್ತಿಯ ಅಣ್ಣನಾದದ್ದು ಎರಡನೆಯದು! ಅಂಗುಲದ ಲೆಕ್ಕಕ್ಕೆ ಆಯುಧದ ಮನಸ್ಸು ಸಿಕ್ಕುವುದಿಲ್ಲ.

ನಿಯಮಗಳು ಹೆಸರಿಸುವ ಇನ್ನೊಂದು ಆಯುಧವು ಊರುಗೋಲಿನೊಳಗೆ ಅಡಗಿಸಿದ ಕತ್ತಿ. ನಮ್ಮ ಕಡೆ ಇದಕ್ಕೆ 'ಗುಪ್ತಿ' ಎಂದು ಹೆಸರು. ಭಾಷಾಭ್ಯಾಸಿಗಳು ಈ ಶಬ್ದದ ಮುಂದೆ ಸ್ವಲ್ಪ ನಿಲ್ಲಬಹುದು. ಸಂಸ್ಕೃತದ 'ಗುಪ್' ಧಾತುವಿಗೆ ಕಾಯುವುದು, ಮರೆಮಾಡುವುದು ಎಂದು ಎರಡು ಅರ್ಥಗಳೂ ಉಂಟು. ಗೋಪನೆಂದರೆ ಕಾಯುವವನು, ಗೋಪ್ಯವೆಂದರೆ ಮರೆಯಾದದ್ದು. ಮೈಗಾವಲಿನ ಆಯುಧವು ಕಾಯುವುದೋ ಮರೆಯಲ್ಲಿದ್ದು ಹೊಂಚುವುದೋ ಎಂಬ ಹಳೆಯ ಸಂದೇಹವು ಒಂದು ಧಾತುವಿನಲ್ಲಿಯೇ ಮನೆಮಾಡಿಕೊಂಡಿದೆ.

ಕಾನೂನು ಈ ಸಂದೇಹವನ್ನು ಬಗೆಹರಿಸಿದ ರೀತಿಯು ಹೀಗೆ. ೧೮೬೦ರ ದಂಡ ಸಂಹಿತೆಯ ೯೬ರಿಂದ ೧೦೬ರವರೆಗಿನ ಕಲಮುಗಳೂ, ಅದರ ಬದಲಿಗೆ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳೂ ಪ್ರತಿಯೊಬ್ಬನಿಗೂ ತನ್ನ ದೇಹವನ್ನೂ ಇತರರ ದೇಹವನ್ನೂ ಸೊತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಕೊಡುತ್ತವೆ. ಕೊಲೆಯ ಅಥವಾ ತೀವ್ರವಾದ ಗಾಯದ ಭಯವು ಯುಕ್ತವಾಗಿ ಉಂಟಾದಾಗ ಎದುರಾಳಿಯ ಪ್ರಾಣವನ್ನು ತೆಗೆಯುವವರೆಗೂ ಆ ಹಕ್ಕು ಚಾಚುತ್ತದೆ. ಆದರೆ ಅಧಿಕಾರಿಗಳ ಮೊರೆಹೋಗಲು ಕಾಲಾವಕಾಶವಿದ್ದರೆ ಆ ಹಕ್ಕಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವಂತಿಲ್ಲ. ಭಯವು ಕಳೆದೊಡನೆ ಹಕ್ಕೂ ಕಳೆಯುತ್ತದೆ. ಇದು ಗಳಿಗೆಯ ಹಕ್ಕು. ಬೆಳಗ್ಗೆ ಮನೆಯಿಂದ ಹೊರಡುವಾಗ ಎಂದೋ ಬರಬಹುದಾದ ಭಯಕ್ಕಾಗಿ ಕತ್ತಿಯನ್ನು ಸಿಕ್ಕಿಸಿಕೊಳ್ಳುವ ಹಕ್ಕನ್ನು ಈ ಕಲಮುಗಳು ಕೊಡುವುದಿಲ್ಲ. ಧರಿಸುವುದು ಬೇರೆ, ಹಿರಿಯುವುದು ಬೇರೆ ಎಂಬ ನೂನಿಜನ ಕಾಲದ ಭೇದವೇ ಇಲ್ಲಿಯೂ ಇದೆ, ಆದರೆ ತಲೆಕೆಳಗಾಗಿ: ಅಂದು ಧರಿಸಲು ಅಡ್ಡಿಯಿರಲಿಲ್ಲ, ಹಿರಿಯಲು ಅನುಮತಿ ಬೇಕಾಗಿತ್ತು, ಇಂದು ಗಳಿಗೆ ಒದಗಿದಾಗ ಹಿರಿಯುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಧರಿಸುವುದಕ್ಕೆ ಕಾರಣ ಹೇಳಬೇಕು.

ಹೇಳಬಹುದಾದ ಕಾರಣಗಳಲ್ಲಿ ಭಯಕ್ಕಿಂತ ಧರ್ಮವೂ ಸಂಪ್ರದಾಯವೂ ಹೆಚ್ಚು ಮಾನ್ಯವಾಗಿವೆ. ೧೬೯೯ರಲ್ಲಿ ಸ್ಥಾಪಿತವಾದ ಖಾಲ್ಸಾದ ಅನುಯಾಯಿಗಳಾದ ಸಿಖ್ಖರು ಕೃಪಾಣವನ್ನು ಧರಿಸುವುದು ಅವರ ಧರ್ಮಾಚರಣೆಯಲ್ಲಿ ಸೇರಿದುದೆಂದು ಸಂವಿಧಾನದ ೨೫ನೆಯ ಅನುಚ್ಛೇದದ ವಿವರಣೆಯೇ ಹೇಳುತ್ತದೆ. ಕೊಡವರಿಗೆ ಅಂಥ ಸಂವಿಧಾನದ ಮಾತಿಲ್ಲ. ೧೯೫೯ರ ಶಾಸನದ ೪೧ನೆಯ ಕಲಮಿನ ಕೆಳಗೆ ಸರಕಾರವು ಹೊರಡಿಸುವ ಪ್ರಕಟನೆಯೇ ಆಧಾರ. ೧೯೬೩ರಲ್ಲಿ ಇಂಥ ಪ್ರಕಟನೆಯು ಹೊರಟಿತು. ೨೦೧೯ರ ಅಕ್ಟೋಬರಿನಲ್ಲಿ ಹೊರಟ ಪ್ರಕಟನೆಯು ಕೊಡವರಿಗೂ ಜಮ್ಮಾದಾರರಿಗೂ ಆ ವಿನಾಯಿತಿಯನ್ನು ಮುಂದುವರಿಸಿತು. ಹುಟ್ಟನ್ನೂ ಭೂಮಿಯನ್ನೂ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟಿನ ಮುಂದೆ ವಾದಿಸಲಾಯಿತು. ಕೊಡವರು ಸ್ವಾತಂತ್ರ್ಯಪೂರ್ವದಿಂದ ಈ ಸೌಲಭ್ಯವನ್ನು ಅನುಭವಿಸಿಕೊಂಡು ಬಂದ ಯೋಧ ಜನಾಂಗವೆಂಬುದನ್ನೂ, ವಿನಾಯಿತಿಯು ಷರತ್ತುಗಳಿಗೆ ಒಳಪಟ್ಟು ಮಿತವಾದ ಅವಧಿಗೆ ಮಾತ್ರ ಸಲ್ಲುತ್ತದೆಂಬುದನ್ನೂ ಎಣಿಸಿ ನ್ಯಾಯಾಲಯವು ೨೦೨೧ರ ಸಪ್ಟೆಂಬರಿನಲ್ಲಿ ಪ್ರಕಟನೆಯನ್ನು ಎತ್ತಿಹಿಡಿಯಿತು. ವಾದವಿವಾದವು ಬಹುಮಟ್ಟಿಗೆ ಕೋವಿಯನ್ನು ಕುರಿತದ್ದು. ಚೇಲೆಯಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಮಾತು ಅದರ ನೆರಳಿನಲ್ಲಿಯೇ ಉಳಿಯಿತು. ಆ ಪ್ರಕಟನೆಯ ಅವಧಿಯು ೨೦೨೯ರ ಅಕ್ಟೋಬರ್ ೩೧ಕ್ಕೆ ಮುಗಿಯತಕ್ಕದ್ದು.